ಮಗುವನ್ನು ತೂಗಿದೆವು, ಮನೆಯನ್ನು ನೋಡಲಿಲ್ಲ

ಮೈಸೂರು ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರಿಗೆ,

ಮಾನ್ಯರೇ,

ನಾನು ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂವತ್ತೊಂದು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ಕಳೆದ ವರ್ಷ ನಿವೃತ್ತಳಾದೆ. ಅಂಗನವಾಡಿಯ ಕೆಲಸ ಒಂದು ಇಲಾಖೆಯದು, ಆಶಾ ಕಾರ್ಯಕರ್ತೆಯರ ಕೆಲಸ ಇನ್ನೊಂದು ಇಲಾಖೆಯದು. ಜಿಲ್ಲೆಯಲ್ಲಿ ಎರಡನ್ನೂ ಒಟ್ಟಿಗೆ ಕೂರಿಸಿ ಮಾತನಾಡಬಲ್ಲವರು ತಾವು. ಮನೆಯೊಳಗಿನ ಅಪಘಾತಗಳಿಂದ ಪುಟ್ಟ ಮಕ್ಕಳನ್ನು ಉಳಿಸುವುದನ್ನು ಮನೆಮನೆಗೆ ಕಲಿಸಬೇಕೆಂದು ಕೇಳುವ ಈ ಪತ್ರ ಅದಕ್ಕೇ ತಮಗೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ, ಇದರಲ್ಲಿರುವ ಅರ್ಧ ಮಾತು ನಮ್ಮೂರಿನಂಥ ಊರುಗಳ ತಾಯಂದಿರಿಗೆ, ತಂದೆಯರಿಗೆ, ಅಜ್ಜಿಯರಿಗೆ ಹೇಳಬೇಕಾದದ್ದು.

ಐದು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ನಮ್ಮ ಕೇಂದ್ರದ ವ್ಯಾಪ್ತಿಯ ಹದಿನಾಲ್ಕು ತಿಂಗಳ ಹೆಣ್ಣುಮಗುವೊಂದು ತನ್ನ ಮನೆಯ ಬಚ್ಚಲಿನಲ್ಲಿ, ಬಕೆಟ್ಟಿನ ನೀರಿಗೆ ತಲೆಕೆಳಗಾಗಿ ಬಿದ್ದು ತೀರಿಕೊಂಡಿತು. ಬೆಳಗಿನ ಹತ್ತೂವರೆ ಸಮಯ. ಅಜ್ಜಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ತಾಯಿ ಮುದ್ದೆಗೆ ಎಸರಿಟ್ಟು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಮಗು ನಡುಮನೆಯಲ್ಲಿ ಒಂದು ಸ್ಟೀಲ್ ಲೋಟ ಬಡಿಯುತ್ತಾ ಕೂತಿತ್ತು. ಲೋಟದ ಸದ್ದು ನಿಂತದ್ದು ತಾಯಿಯ ಗಮನಕ್ಕೆ ಬಂದು, ಅವಳು ಕೈ ಒರೆಸಿಕೊಂಡು ಎದ್ದುಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಕೆಟ್ಟಿನಲ್ಲಿದ್ದದ್ದು ಬಟ್ಟೆ ಅಲುಬಿದ ಮೇಲೆ ಉಳಿದ ಒಂದು ಗೇಣು ನೀರು. ಅಕ್ಕಪಕ್ಕದವರು ಓಡಿಬಂದು, ನೀರು ಇಳಿಯಲಿ ಎಂದು ಮಗುವನ್ನು ಕಾಲು ಹಿಡಿದು ತಲೆಕೆಳಗು ಮಾಡಿ ಅಲ್ಲಾಡಿಸಿದರು. ಯಾರೋ ತಲೆಯ ಮೇಲೆತ್ತಿ ತಿರುಗಿಸಿದರು. ಆ ಹೊತ್ತಿನಲ್ಲಿ ಮಗುವಿಗೆ ಬೇಕಾಗಿದ್ದದ್ದು ಬಾಯಿಗೆ ಬಾಯಿಟ್ಟು ಊದುವ ಉಸಿರು. ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಹತ್ತಿರ ಹತ್ತಿರ ಮಕ್ಕಳ ಕೆಲಸವನ್ನೇ ಮಾಡಿದ್ದ ನನಗೂ ಗೊತ್ತಿರಲಿಲ್ಲ.

ಮರುದಿನ ಕೇಂದ್ರಕ್ಕೆ ಹೋಗಿ ಆ ಮಗುವಿನ ಪುಟ ತೆರೆದೆ. ಹುಟ್ಟಿದ ತೂಕ 2 ಕಿಲೋ 900 ಗ್ರಾಂ. ಆರನೇ ತಿಂಗಳಲ್ಲಿ ನಮ್ಮ ಕೇಂದ್ರದಲ್ಲೇ ಅನ್ನಪ್ರಾಶನ. ಒಂಬತ್ತನೇ ತಿಂಗಳ ದಡಾರ ಲಸಿಕೆ, ವಿಟಮಿನ್ ‘ಎ’ ಹನಿ, ಎಲ್ಲಕ್ಕೂ ಗುರುತು ಬಿದ್ದಿತ್ತು. ಬೆಳವಣಿಗೆಯ ಪಟದಲ್ಲಿ ಗೆರೆ ಹಸಿರು ಪಟ್ಟಿಯನ್ನು ಬಿಟ್ಟು ಒಂದು ತಿಂಗಳೂ ಕೆಳಗಿಳಿದಿರಲಿಲ್ಲ. ಆ ಮನೆಗೆ ನಾನೇ ಎಷ್ಟು ಬಾರಿ ಹೋಗಿದ್ದೆ! ಬಚ್ಚಲಿನ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತೇ ಕಾಫಿ ಕುಡಿದಿದ್ದೆ. ಆ ಬಾಗಿಲಿಗೆ ಚಿಲಕವಿಲ್ಲ ಎಂಬುದು ನನ್ನ ಕಣ್ಣಿಗೆ ಒಮ್ಮೆಯೂ ಬೀಳಲಿಲ್ಲ, ಏಕೆಂದರೆ ಅದನ್ನು ನೋಡಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ನನ್ನ ರಿಜಿಸ್ಟರಿನಲ್ಲಿ ಮಗುವಿನ ತೂಕಕ್ಕೆ ಜಾಗವಿತ್ತು, ತೋಳಿನ ಸುತ್ತಳತೆಗೆ ಜಾಗವಿತ್ತು, ಮನೆಗೆ ಇರಲಿಲ್ಲ.

ಊರಿನವರು ಎರಡು ಮಾತು ಆಡಿದರು. ಕೆಲವರು ಹಣೆಬರಹ ಎಂದರು. ಹೆಚ್ಚಿನವರು ತಾಯಿಯ ಬೇಜವಾಬ್ದಾರಿ ಎಂದರು, ಮೊಬೈಲ್ ನೋಡುತ್ತಾ ಕೂತಿದ್ದಳು ಎಂದರು. ‘ಸದ್ದೇ ಕೇಳಲಿಲ್ಲ’ ಎಂದು ಅವಳು ಎಷ್ಟು ಬಾರಿ ಅತ್ತರೂ ಯಾರೂ ನಂಬಲಿಲ್ಲ. ಮುಳುಗುವವರು ಕೈಕಾಲು ಬಡಿಯುತ್ತಾರೆ, ಕೂಗುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೇವೆ. ನಾನು ಆಮೇಲೆ ವೈದ್ಯರೊಬ್ಬರನ್ನು ಕೇಳಿ ತಿಳಿದುಕೊಂಡದ್ದು ಇದು: ಒಂದು, ಒಂದೂವರೆ ವರ್ಷದ ಮಗುವಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿನ ಅಂಚು ಹಿಡಿದು ಬಗ್ಗಿದರೆ ತಲೆ ಮುಂದಾಗಿ ಒಳಗೆ ಬೀಳುತ್ತದೆ, ಮತ್ತೆ ಮೇಲೇಳುವ ಶಕ್ತಿ ಆ ತೋಳುಗಳಿಗಿಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರಿದ್ದರೆ ಸಾಕು. ಮುಖ ನೀರಿನಲ್ಲಿರುವಾಗ ಕೂಗು ಹೊರಡುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟಾಗುತ್ತದೆ. ಆ ತಾಯಿ ನಿಜವನ್ನೇ ಹೇಳಿದ್ದಳು. ಇದನ್ನು ತಿಳಿದುಕೊಂಡು ಅವಳ ಮನೆಗೆ ಹೋಗಿ ಹೇಳುವ ವೇಳೆಗೆ ಎಂಟು ತಿಂಗಳಾಗಿತ್ತು. ಅವಳು ಅಷ್ಟೂ ದಿನ ತವರಿಗೂ ಹೋಗದೆ, ಜಾತ್ರೆಗೂ ಹೋಗದೆ ಒಳಗೇ ಉಳಿದಿದ್ದಳು.

ಇದು ನಮ್ಮೂರಿನ ಒಂದು ಮನೆಯ ಕಥೆ ಎಂದು ತಾವು ಪಕ್ಕಕ್ಕಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ನಮ್ಮ ಕಡೆ ಈ ಮಾತು ಬಂದ ಕೂಡಲೇ ಎಲ್ಲರಿಗೂ ಹೊಳೆ ನೆನಪಾಗುತ್ತದೆ, ನಾಲೆ ನೆನಪಾಗುತ್ತದೆ. ಕಾವೇರಿ, ಕಪಿಲೆ ಕೂಡುವ ತಾಲ್ಲೂಕು ನಮ್ಮದು. ಸಂಗಮದಲ್ಲಿ ಎಚ್ಚರಿಕೆಯ ಫಲಕ ಹಾಕುತ್ತೇವೆ. ನಡೆಯಲು ಕಲಿಯುತ್ತಿರುವ ಮಗುವಿಗೆ ಹೊಳೆ ದೂರ, ಬಚ್ಚಲು ಹತ್ತಿರ.

ನೀರು ತುಂಬಿಡಬೇಡಿ ಎಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಬೇಸಿಗೆಯಲ್ಲಿ ನಮ್ಮೂರಿನ ನಲ್ಲಿಯಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ. ಬಂದ ದಿನ ಸಂಪು, ಡ್ರಮ್ಮು, ಕೊಡ, ಬಕೆಟ್ಟು, ಕಡೆಗೆ ಮುದ್ದೆಯ ಪಾತ್ರೆಯೂ ತುಂಬುತ್ತದೆ. ತುಂಬಿಡದಿದ್ದರೆ ಮನೆ ನಡೆಯುವುದಿಲ್ಲ. ಆದ್ದರಿಂದ ಹೇಳಬೇಕಾದದ್ದು ಬೇರೆ. ಬಳಸಿ ಮುಗಿದ ಬಕೆಟ್ಟನ್ನು ಬೋರಲು ಹಾಕಿ. ಡ್ರಮ್ಮಿಗೆ ಮುಚ್ಚಳವಿಟ್ಟು ಹಗ್ಗದಿಂದ ಕಟ್ಟಿ. ಬಚ್ಚಲಿನ ಬಾಗಿಲಿಗೆ ದೊಡ್ಡವರ ಎದೆಯ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ. ಇವು ಕೈಗೆ ಹೇಳುವ ಮಾತುಗಳು. ‘ಮಗುವನ್ನು ಜೋಪಾನವಾಗಿ ನೋಡಿಕೊಳ್ಳಿ’ ಎಂಬುದು ಕಿವಿಗೆ ಹೇಳುವ ಮಾತು, ಅದನ್ನು ಕೇಳದ ತಾಯಿ ಕರ್ನಾಟಕದಲ್ಲಿ ಒಬ್ಬಳೂ ಇಲ್ಲ. ಎರಡು ಕಣ್ಣು, ಎರಡು ಕೈ ಇರುವ ಹೆಂಗಸು ಎಸರನ್ನೂ ಹಸುವನ್ನೂ ಮಗುವನ್ನೂ ಒಂದೇ ಗಳಿಗೆಯಲ್ಲಿ ನೋಡಲಾರಳು. ಅವಳು ನೋಡದ ಗಳಿಗೆಯಲ್ಲೂ ಮಗು ಉಳಿಯುವಂತೆ ಮನೆಯನ್ನು ಅಣಿಮಾಡುವುದನ್ನು ಕಲಿಸಬೇಕು. ನಾನು ಕೇಳಿಕೊಳ್ಳುತ್ತಿರುವುದು ಇಷ್ಟನ್ನೇ.

ಆ ಸಾವಿನ ನಂತರ ನಿವೃತ್ತಿಯವರೆಗೆ ನಾಲ್ಕು ವರ್ಷ, ನನ್ನ ಕೈಲಾದಷ್ಟು ಮಟ್ಟಿಗೆ ಈ ಕೆಲಸ ಮಾಡಿದೆ. ಮಾಡಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದರಲ್ಲಿ ಬೇರೆಯವರಿಗೆ ಉಪಯೋಗವಾಗುವಂಥದ್ದು ಇದೆ. ಮಗು ಅಂಬೆಗಾಲಿಡುವ ತಿಂಗಳಲ್ಲಿ ಆ ಮನೆಗೆ ಹೋಗುತ್ತಿದ್ದೆ. ತಾಯಿಯನ್ನೂ ಅಜ್ಜಿಯನ್ನೂ ಕರೆದು, ನಡುಮನೆಯಿಂದ ಅಡುಗೆಮನೆಯವರೆಗೆ ಮೂವರೂ ಮಂಡಿಯೂರಿ ಹೋಗೋಣ ಎನ್ನುತ್ತಿದ್ದೆ. ಮೊದಲು ನಗುತ್ತಿದ್ದರು. ಅಜ್ಜಿಯರು ಮಂಡಿನೋವು ಎನ್ನುತ್ತಿದ್ದರು, ಅವರನ್ನು ನೆಲದ ಮೇಲೆ ಕೂರಿಸಿ ಸುತ್ತ ನೋಡಲು ಹೇಳುತ್ತಿದ್ದೆ. ನೆಲದಿಂದ ಕಾಣುವ ಮನೆಯೇ ಬೇರೆ. ಒಂದು ಮನೆಯಲ್ಲಿ ಹೀಗೆ ಹೋಗುತ್ತಿದ್ದ ಸೊಸೆ ಮಂಚದ ಕೆಳಗೆ ಕಣ್ಣು ಹಾಯಿಸಿ ಸುಮ್ಮನೆ ನಿಂತುಬಿಟ್ಟಳು. ಗೋಡೆಯ ಮೂಲೆಯಲ್ಲಿ ಅರ್ಧ ಹಿಸುಕಿದ ಇಲಿ ಪಾಷಾಣದ ಟ್ಯೂಬ್ ಬಿದ್ದಿತ್ತು. ಹಲ್ಲುಜ್ಜುವ ಪೇಸ್ಟಿನ ಹಾಗೆಯೇ ಇತ್ತು. ಹಿಂದಿನ ಸುಗ್ಗಿಯಲ್ಲಿ ಚೀಲಗಳಿಗೆ ಇಲಿ ಹತ್ತುತ್ತದೆಂದು ಗಂಡ ತಂದದ್ದಂತೆ. ಅದೇ ಸುತ್ತಿನಲ್ಲಿ ದೇವರ ಗೂಡಿನ ಕೆಳಗಿನ ಕರ್ಪೂರದ ಡಬ್ಬಿ, ಕೆಳಕ್ಕೆ ತೂಗುಬಿದ್ದ ಚಾರ್ಜರಿನ ವೈರು, ಟಿ.ವಿ. ರಿಮೋಟಿನಿಂದ ಉದುರಿದ ಸೆಲ್ಲು, ಈಳಿಗೆಮಣೆ, ಎಲ್ಲವೂ ಸಿಕ್ಕವು. ನಾನು ಒಂದು ಮಾತೂ ಬೋಧಿಸಲಿಲ್ಲ. ಮಂಡಿಯ ಮೇಲೆ ಇದ್ದುಕೊಂಡೇ ಅವಳು ಒಂದೊಂದನ್ನೂ ಎತ್ತಿ ಮೇಲಿಟ್ಟಳು.

ಇವುಗಳ ಅಪಾಯ ನಮ್ಮ ಜನಕ್ಕೆ ಗೊತ್ತೇ ಇಲ್ಲ ಎಂದಲ್ಲ, ಅರ್ಧ ಗೊತ್ತಿದೆ. ಹಳದಿ ರಂಜಕ ಸೇರಿಸಿ ಮಾಡುವ ಇಲಿ ಪಾಷಾಣ ತಿಂದ ಮಗು ಒಂದೆರಡು ದಿನ ಆಟವಾಡಿಕೊಂಡೇ ಇರಬಹುದು, ಅಷ್ಟರಲ್ಲಿ ಲಿವರ್ ಕೆಟ್ಟಿರುತ್ತದೆ. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಮನೆಯಲ್ಲೇ ಉಳಿಸಿಕೊಂಡವರಿದ್ದಾರೆ. ಕರ್ಪೂರ ದೇವರಿಗೆ ಹಚ್ಚುವ ವಸ್ತು, ಅದರಿಂದ ಕೆಡುಕಾಗದು ಎಂಬ ನಂಬಿಕೆ. ಆದರೆ ಪುಟ್ಟ ಮಗುವಿಗೆ ಸ್ವಲ್ಪ ಕರ್ಪೂರದಿಂದಲೇ ಫಿಟ್ಸ್ ಬರುತ್ತದೆ. ಗಡಿಯಾರ, ಆಟಿಕೆ, ರಿಮೋಟುಗಳಲ್ಲಿ ಬರುವ ಬಿಲ್ಲೆಯಂಥ ಬಟನ್ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡತೊಡಗುತ್ತದೆ. ಮಲದಲ್ಲಿ ಬಂದುಬಿಡುತ್ತದೆ ಎಂದು ಬಾಳೆಹಣ್ಣು ತಿನ್ನಿಸಿ ಕಾಯುವಂತಿಲ್ಲ. ಸೀಮೆಎಣ್ಣೆ, ಥಿನ್ನರ್ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವವರು ಈಗಲೂ ಇದ್ದಾರೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊಟ್ಟೆಯಲ್ಲಿದ್ದದ್ದಕ್ಕಿಂತ ಅಲ್ಲೇ ಅದು ಹೆಚ್ಚು ಹಾನಿ ಮಾಡುವುದು. ಏನನ್ನೂ ಕುಡಿಸದೆ, 108ಕ್ಕೆ ಕರೆ ಮಾಡಿ, ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು.

ಬಾಟಲಿಯ ವಿಷಯದಲ್ಲಿ ಗಂಡಸರಿಗೆ ಒಂದು ಮಾತು ಹೇಳಲೇಬೇಕು. ಭತ್ತಕ್ಕೋ ಕಬ್ಬಿಗೋ ಹೊಡೆಯುವ ಔಷಧವನ್ನು ಪಕ್ಕದ ಹೊಲದವರಿಂದ ಸ್ವಲ್ಪ ಬಗ್ಗಿಸಿಕೊಂಡು ಬರುವುದು ತಂಪು ಪಾನೀಯದ ಬಾಟಲಿಯಲ್ಲಿ. ತಂದು ಇಡುವುದು ಕಿಟಕಿಯ ಮೇಲೆ. ಮಗು ಅದೇ ಬಾಟಲಿಯಲ್ಲಿ ಜಾತ್ರೆಯ ದಿನ ಸಿಹಿ ಕುಡಿದಿದೆ, ಅದಕ್ಕೆ ಬಾಟಲಿಯ ಗುರುತಿದೆ, ಒಳಗಿನದರ ಗುರುತಿಲ್ಲ. ಔಷಧ ಕೊಡುವಾಗ ಈ ಒಂದು ಎಚ್ಚರಿಕೆಯನ್ನು ಬಾಯಿಬಿಟ್ಟು ಹೇಳುವಂತೆ ರೈತ ಸಂಪರ್ಕ ಕೇಂದ್ರಗಳಿಗೂ ಅಂಗಡಿಯವರಿಗೂ ತಾವು ತಿಳಿಸಬಹುದು.

ಬೆಂಕಿಗಿಂತ ಬಿಸಿಯೇ ನಮ್ಮ ಮಕ್ಕಳನ್ನು ಹೆಚ್ಚು ಸುಟ್ಟಿದ್ದನ್ನು ನಾನು ಕಂಡಿದ್ದೇನೆ. ನಮ್ಮ ಕಡೆ ಮುದ್ದೆ ತಿರುವುವಾಗ ಪಾತ್ರೆಯನ್ನು ಒಲೆಯಿಂದ ನೆಲಕ್ಕೆ ಇಳಿಸಿ, ಕವೆಕೋಲಿನಿಂದ ಒತ್ತಿ ಹಿಡಿದು ತಿರುವುತ್ತೇವೆ. ಆಗ ಕುದಿಯುವ ಹಿಟ್ಟು ಮಗುವಿನ ಎದೆಯ ಎತ್ತರದಲ್ಲಿರುತ್ತದೆ, ತಾಯಿಯ ಎರಡು ಕೈಯೂ ಕೋಲಿನ ಮೇಲಿರುತ್ತವೆ. ಅನ್ನದ ಗಂಜಿ ಬಸಿಯುವಾಗಲೂ ಹಾಗೆಯೇ. ಅಡುಗೆಮನೆಯ ಬಾಗಿಲಿಗೆ ತೊಡೆಯೆತ್ತರದ ಒಂದು ಅಡ್ಡಹಲಗೆ ಇದ್ದರೆ ಸಾಕು. ಒಬ್ಬ ತಂದೆ ಹಳೆಯ ಕಿಟಕಿಯ ಹಲಗೆಯಿಂದ ಅರ್ಧ ದಿನದಲ್ಲಿ ಇದನ್ನು ಮಾಡಿಕೊಟ್ಟ. ಅವನನ್ನು ನೋಡಿ ಅದೇ ಬೀದಿಯಲ್ಲಿ ಮತ್ತೆ ನಾಲ್ವರು ಮಾಡಿದರು. ಬಚ್ಚಲಿನಲ್ಲಿ ಬಕೆಟ್ಟಿಗೆ ನೀರು ಕಾಯಿಸುವ ಕಾಯಿಲ್ ಹಾಕಿಟ್ಟು ಹೊರಗೆ ಬರುವವರು ಬಾಗಿಲು ಹಾಕಿಕೊಂಡೇ ಬರಬೇಕು. ಮಗುವಿಗೆ ಸುಟ್ಟರೆ ಪೇಸ್ಟು, ಶಾಯಿ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಸುಟ್ಟ ಜಾಗದ ಮೇಲೆ ಬಿಡಬೇಕು. ಇಪ್ಪತ್ತು ನಿಮಿಷ ಎಂದರೆ ಎಷ್ಟು ಉದ್ದವೆಂಬುದು ಅಳುವ ಮಗುವನ್ನು ಹಿಡಿದುಕೊಂಡವರಿಗೆ ಗೊತ್ತು, ಆದರೂ ಹಿಡಿದಿರಬೇಕು.

ಸಂಕ್ರಾಂತಿಯ ಮಾತನ್ನೂ ಸೇರಿಸುತ್ತೇನೆ. ಎಳ್ಳು ಬೀರಲು ಬಂದ ಮನೆಯಲ್ಲಿ ಕಂಕುಳಲ್ಲಿರುವ ಕೂಸಿನ ಬಾಯಿಗೂ ಒಂದು ಚಿಟಿಕೆ ಹಾಕುವುದು ಪ್ರೀತಿ. ಅದರಲ್ಲಿರುವ ಕಡಲೆಬೀಜ, ಹುರಿಗಡಲೆ, ಕೊಬ್ಬರಿಯ ಚೂರು ದವಡೆ ಹಲ್ಲಿಲ್ಲದ ಮಗುವಿನ ಉಸಿರ್ಗೊಳವೆಗೆ ಸರಿಯಾಗಿ ಹೊಂದುವ ಗಾತ್ರದವು. ಬೆಲ್ಲದ ಪುಡಿ ನೆಕ್ಕಿಸಿ, ಬೀಜ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಉಸಿರು ಕಟ್ಟಿದರೆ ಬಾಯೊಳಗೆ ಕುರುಡಾಗಿ ಬೆರಳು ಹಾಕಬಾರದು, ಬೀಜ ಇನ್ನೂ ಒಳಗೆ ಹೋಗುತ್ತದೆ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಹೆಗಲುಗಳ ನಡುವೆ ಅಂಗೈ ಬುಡದಿಂದ ಐದು ಬಾರಿ ತಟ್ಟಬೇಕು. ಬೀಜ ಹೊರಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಒಂದು ಅಂಗೈ ಬುಡದಿಂದ ಐದು ಬಾರಿ ಒತ್ತಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಬೊಂಬೆಯ ಮೇಲೆ ಮಾಡಿ ನೋಡಬೇಕು. ನಾನು ಕೇಂದ್ರದಲ್ಲಿದ್ದ ಬಟ್ಟೆಯ ಬೊಂಬೆಯೊಳಗೆ ಮರಳು ತುಂಬಿ ತೋರಿಸುತ್ತಿದ್ದೆ.

ಮಾನ್ಯರೇ, ಇದಕ್ಕೆ ಹೊಸ ಯೋಜನೆ ಬೇಡ. ಇರುವುದರಲ್ಲೇ ಜಾಗವಿದೆ. 2018ರಿಂದ ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಭೇಟಿ ಕೊಡುವ ವ್ಯವಸ್ಥೆ ಇದೆ. ಆ ತಿಂಗಳುಗಳನ್ನು ಮಗುವಿನ ಜೊತೆ ಇಟ್ಟು ನೋಡಿ. ಮೂರಕ್ಕೆ ಮಗುಚಿಕೊಳ್ಳಲು ಹವಣಿಸುತ್ತದೆ, ಮಂಚದಿಂದ ಬೀಳುವ ಕಾಲ. ಆರಕ್ಕೆ ಸಿಕ್ಕಿದ್ದೆಲ್ಲ ಬಾಯಿಗೆ. ಒಂಬತ್ತಕ್ಕೆ ಅಂಬೆಗಾಲು, ಹನ್ನೆರಡಕ್ಕೆ ಗೋಡೆ ಹಿಡಿದು ನಡಿಗೆ, ಹದಿನೈದಕ್ಕೆ ಹತ್ತುವುದು. ಒಂದೊಂದು ಭೇಟಿಗೂ ಒಂದೊಂದು ಅಪಾಯ ತಾನಾಗಿ ಹೊಂದಿಕೊಳ್ಳುತ್ತದೆ. ನಾನು ಜೊತೆಗೆ ಹೋದ ಭೇಟಿಗಳಲ್ಲಿ ಮಾತೆಲ್ಲ ಊಟ, ಓ.ಆರ್.ಎಸ್., ಕಬ್ಬಿಣಾಂಶದ ಔಷಧ ಇವುಗಳಲ್ಲೇ ಮುಗಿಯುತ್ತಿತ್ತು. ಅವೂ ಬೇಕು. ಕೊನೆಯ ಐದು ನಿಮಿಷ ಮನೆಯೊಳಗೆ ಒಂದು ಸುತ್ತು ಬಂದರೆ ಸಾಕು. ಹದಿನೈದನೇ ತಿಂಗಳ ನಂತರ ಈ ಭೇಟಿಗಳು ನಿಲ್ಲುತ್ತವೆ, ಮಗುವಿನ ಓಡಾಟ ಆಗ ತಾನೇ ಶುರುವಾಗಿರುತ್ತದೆ. ಒಂದೂವರೆ ವರ್ಷದ ಬೂಸ್ಟರ್ ಲಸಿಕೆಗೆ ಬಂದ ದಿನ ತಾಯಿಯನ್ನು ಅರ್ಧ ಗಂಟೆ ಹೇಗೂ ಕೂರಿಸಿಕೊಳ್ಳುತ್ತೇವೆ, ಆ ಅರ್ಧ ಗಂಟೆಯನ್ನು ಇದಕ್ಕೆ ಕೊಡಬಹುದು.

ಕಲಿಸುವುದು ತಾಯಂದಿರಿಗಷ್ಟೇ ಎಂದಾದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸೊಸೆ ನಂಜನಗೂಡಿನ ಕಾರ್ಖಾನೆಗೆ ಹೋದ ಮನೆಯಲ್ಲಿ ಹಗಲೆಲ್ಲ ಮಗುವಿನ ಜೊತೆ ಇರುವುದು ಅಜ್ಜಿ, ಅಥವಾ ಏಳೆಂಟು ವರ್ಷದ ಅಕ್ಕ. ಸಂಪಿನ ಮುಚ್ಚಳಕ್ಕೆ ಬೀಗ ಹಾಕಬೇಕಾದವನು ಗಂಡ. ತಾಯಂದಿರ ಸಭೆಗೆ ಗಂಡಸರು ಬರುವುದಿಲ್ಲ. ಆದರೆ ದಿನಕ್ಕೆ ಎರಡು ಹೊತ್ತು ಇಡೀ ಊರು ಕ್ಯಾನು ಹಿಡಿದು ಹಾಲಿನ ಡೈರಿಯ ಮುಂದೆ ಸಾಲು ನಿಲ್ಲುತ್ತದೆ. ನಾನು ಅಲ್ಲಿ ಹೋಗಿ ನಿಂತು ಮಾತನಾಡಿದ ದಿನಗಳಲ್ಲಿ ಕೇಳಿದಷ್ಟು ಪ್ರಶ್ನೆಗಳನ್ನು ನನ್ನ ಕೇಂದ್ರದ ಯಾವ ಸಭೆಯಲ್ಲೂ ಯಾರೂ ಕೇಳಿರಲಿಲ್ಲ.

ಮೂರು ವರ್ಷದ ಮೇಲಿನ ಮಕ್ಕಳು ಬೆಳಗ್ಗೆ ಅಂಗನವಾಡಿಗೆ ಬರುತ್ತಾರೆ. ಒಂದರಿಂದ ಮೂರು ವರ್ಷದವರು ಮನೆಯಲ್ಲಿ ಉಳಿಯುತ್ತಾರೆ, ಅದೂ ದೊಡ್ಡವರು ಕೆಲಸದಲ್ಲಿ ಮುಳುಗಿರುವ ಹೊತ್ತಿನಲ್ಲಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಒಂದರಿಂದ ಐದು ವರ್ಷದವರಿಗಾಗಿ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ‘ಆಂಚಲ್’ ಎಂಬ ಶಿಶುಪಾಲನಾ ಮನೆಗಳನ್ನು ನಡೆಸಿ ನೀರಿನ ಸಾವುಗಳನ್ನು ಇಳಿಸಿದ್ದಾರೆ. ನಮ್ಮ ಸರ್ಕಾರವೂ 2023ರಲ್ಲಿ ಉದ್ಯೋಗ ಖಾತರಿಯ ಮಹಿಳೆಯರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಜಿಲ್ಲೆಯ ಕೂಸಿನ ಮನೆಗಳು ತಾಯಂದಿರ ಕೆಲಸದ ಹೊತ್ತಿಗೆ ತೆರೆದಿರುತ್ತವೆಯೇ, ಬೇರೆ ಕೂಲಿಗೆ ಹೋಗುವವರ ಕೂಸುಗಳಿಗೂ ಜಾಗ ಸಿಗುತ್ತದೆಯೇ ಎಂದು ತಾವು ಒಮ್ಮೆ ಖುದ್ದಾಗಿ ನೋಡಬೇಕು.

ಅಂಗನವಾಡಿಯವರ ಪರವಾಗಿಯೂ ಒಂದು ಮಾತು. ಅವರ ಹೆಗಲ ಮೇಲೆ ಈಗಾಗಲೇ ಮೊಬೈಲ್ ಆ್ಯಪ್, ರಿಜಿಸ್ಟರು, ಸಮೀಕ್ಷೆ, ಚುನಾವಣೆ ಎಲ್ಲ ಇವೆ. ದಯಮಾಡಿ ಇದನ್ನು ಇನ್ನೊಂದು ನಮೂನೆಯಾಗಿ ತುಂಬಲು ಕೊಡಬೇಡಿ. ಯಾವುದಾದರೂ ಒಂದು ಹೊರೆ ಇಳಿಸಿ, ಆ ಸಮಯವನ್ನು ಇದಕ್ಕೆ ಕೊಡಿ. ಉಸಿರು ಕೊಡುವುದನ್ನು, ಬೆನ್ನು ತಟ್ಟುವುದನ್ನು ಬೊಂಬೆಯ ಮೇಲೆ ಕಲಿಸುವ ಒಂದು ದಿನದ ತರಬೇತಿ ಕೊಡಿಸಿ. ಅದನ್ನು ಮೊದಲು ನಮ್ಮ ತಾಲ್ಲೂಕಿನಲ್ಲೇ ನಡೆಸಿ. ದೇಶದಲ್ಲಿ 1975ರ ಅಕ್ಟೋಬರ್ 2ರಂದು 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ತಿ. ನರಸೀಪುರ ತಾಲ್ಲೂಕಿನಲ್ಲಿ. ಇಲ್ಲಿ ಕಲಿತದ್ದು ಇಡೀ ರಾಜ್ಯಕ್ಕೆ ಹೋದ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ.

ಆ ತಾಯಿಗೆ ಈಗ ಒಂದು ಗಂಡುಮಗುವಿದೆ, ಹತ್ತು ತಿಂಗಳು. ಹೋದ ವಾರ ಅದು ಅಂಬೆಗಾಲಿಟ್ಟು ಹೊಸಿಲು ದಾಟಿತೆಂದು ಸಿಹಿ ತಂದುಕೊಟ್ಟಳು. ಅವಳ ಬಚ್ಚಲಿನ ಗೋಡೆಗೆ ಎದೆಯೆತ್ತರದಲ್ಲಿ ಎರಡು ಮೊಳೆ ಹೊಡೆದಿದ್ದಾಳೆ, ಬಕೆಟ್ಟುಗಳು ಅವುಗಳ ಮೇಲೆ ತೂಗುತ್ತಿರುತ್ತವೆ. ನಾನು ಈ ಪತ್ರ ಬರೆಯುತ್ತಿರುವುದನ್ನು ಹೇಳಿದೆ. ‘ಟೀಚರ್, ಎಲ್ಲಿ ಸಭೆ ಕರೆದರೂ ನಾನು ಬಂದು ಹೇಳುತ್ತೇನೆ, ನನ್ನನ್ನು ಬೈದರೂ ಪರವಾಗಿಲ್ಲ’ ಎಂದಳು. ತಾವು ದಿನ ಗೊತ್ತು ಮಾಡಿದರೆ ನಾವಿಬ್ಬರೂ ಬರುತ್ತೇವೆ. ಮರಳು ತುಂಬಿದ ಬೊಂಬೆ ಇನ್ನೂ ನನ್ನ ಹತ್ತಿರವೇ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ತಿ. ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ